ಹೊಂಬಾಳವ್ವನ ಹಿತ್ತಾಳೆ ಇಯರ್‌ಫೋನು

ನಮ್ಮ ದೊಡ್ಡವ್ವ ಹೊಂಬಾಳವ್ವ ಅಚ್ಚಣ್ಣನ ಚಹಾದಂಗಡಿಯ ಹಲಗೆಯಲ್ಲಿ ನಡುವಿನ ತೂತಿಗೆ ತನ್ನ ಪಿನ್ನು ಚುಚ್ಚಿದಳೆಂಬ ಸುದ್ದಿ ಕೇರಿ ತಲುಪಿದಾಗ ನಾನು ಜಗಲಿಯಲ್ಲಿ ಕೂತು ಯಾರೋ ವಕೀಲರ ಇಯರ್‌ಫೋನಿನ ಜಾಲರಿಯಿಂದ ಗುಗ್ಗೆ ಕೆರೆಯುತ್ತಿದ್ದೆ. ರಾಚಪ್ಪ ಓಡಿಬಂದ. ಓಡಿಬರುವವರ ಹೆಜ್ಜೆ ನಮ್ಮೂರಲ್ಲಿ ಯಾರಿಗೂ ಕೇಳಿಸುವುದಿಲ್ಲವಾದ್ದರಿಂದ ಅವನು ನನ್ನ ಭುಜ ಹಿಡಿದು ಅಲ್ಲಾಡಿಸಿದ. ಅವನು ತನ್ನ ಪಿನ್ನನ್ನು ನನ್ನ ಕೊರಳಗುಂಡಿಗೆ ಸಿಕ್ಕಿಸುವಷ್ಟರಲ್ಲಿ ನನ್ನ ಕೈಯ ಸೂಜಿ ಮಣ್ಣುಪಾಲಾಗಿತ್ತು.

"ಚೆನ್ನಾಜಿ, ನಿಮ್ಮ ದೊಡ್ಡವ್ವ ಹಾಕ್ಬುಟ್ಳು ಕಣೇ!"

"ಏನ ಹಾಕ್ಬುಟ್ಳೋ?"

"ಪಿನ್ನ! ನಡುವ್ನ ತೂತ್ಗೆ! ದೊಡ್‌ದೊಡ್ಡೋರೆಲ್ಲ ಬಿಸಿ ಟೀ ಮೈಮ್ಯಾಕೆ ಚೆಲ್ಕಂಡು ಎದ್‌ನಿಂತವ್ರೆ!"

ನಮ್ಮೂರಿನ ಗಾಳಿ ದನಿ ಹೊರುವುದಿಲ್ಲ. ಒಗ್ಗರಣೆಯ ಘಮ ಹೊರುತ್ತದೆ, ಹೊಗೆ ಹೊರುತ್ತದೆ, ಗಾಳಿಪಟ ಹೊರುತ್ತದೆ, ದನಿಯನ್ನು ಮಾತ್ರ ಹೊರುವುದಿಲ್ಲ. ಹಾಗಾಗಿ ಹುಟ್ಟಿದ ಮಗುವಿಗೆ ಹೆಸರಿಡುವ ದಿನವೇ ಕೊರಳಿಗೊಂದು ಗುಂಡಿ ಕಟ್ಟುತ್ತಾರೆ. ಗುಂಡಿಯಿಂದ ಹೊರಟ ವೈರು ಎರಡು ಕವಲಾಗಿ ಕಿವಿಗಳಿಗೆ ಹೋಗುತ್ತದೆ, ಮೂರನೆಯ ಕವಲಿನ ತುದಿಯಲ್ಲಿ ಪಿನ್ನು. ಯಾರೊಡನೆ ಮಾತೋ ಅವರ ಗುಂಡಿಗೆ ನಮ್ಮ ಪಿನ್ನು. ಜಗಳ ಮುಗಿಸಬೇಕಾದವರು ಪಿನ್ನು ಕಿತ್ತುಕೊಂಡು ಹೋಗುತ್ತಾರೆ. ಹೊಸದಾಗಿ ಮದುವೆಯಾದವರ ವೈರು ಎಷ್ಟು ಗಿಡ್ಡವಾಯಿತೆಂದು ನೋಡಿ ನೆರೆಯವರು ನಗುತ್ತಾರೆ. ಎಳೆಗೂಸಿನ ಕಾಲಿನಿಂದ ತಾಯಿಯ ಕೈಬಳೆಗೆ ದಾರ ಕಟ್ಟಿರುತ್ತಾರೆ, ಕೂಸು ಅತ್ತರೆ ಬಳೆ ಜಗ್ಗುತ್ತದೆ. ಮತ್ತೆ, ಮಾತಾಡುವಾಗ ಎಲ್ಲರೂ ಬಾಯಿ ಮುಚ್ಚಿಕೊಳ್ಳಬೇಕು. ಹೆಂಗಸರು ಸೆರಗಿನಿಂದ, ಗಂಡಸರು ಟವಲಿನಿಂದ. ಇನ್ನೊಬ್ಬರ ತುಟಿ ನೋಡಿ ಮಾತು ತಿಳಿದುಕೊಳ್ಳುವುದನ್ನು ನಮ್ಮಲ್ಲಿ ಬಾಯಿಗಳ್ಳತನ ಅನ್ನುತ್ತಾರೆ. ಜೇಬುಗಳ್ಳನನ್ನಾದರೂ ಕ್ಷಮಿಸಿಯಾರು, ಬಾಯಿಗಳ್ಳರನ್ನು ಕ್ಷಮಿಸುವವರಿಲ್ಲ.

ನಾಲ್ಕು ಜನ ಸೇರಿ ಮಾತಾಡುವ ಕಡೆ ಹಲಗೆ ಇರುತ್ತದೆ. ಹಲಗೆಯ ಉದ್ದಕ್ಕೂ ತೂತು. ಎಲ್ಲರೂ ತಂತಮ್ಮ ಪಿನ್ನು ಚುಚ್ಚಿದರೆ ಎಲ್ಲರ ಮಾತು ಎಲ್ಲರಿಗೆ. ಎಲ್ಲರಿಗೆ ಅಂದೆನೆ? ತಪ್ಪು. ನಡುವಿನ ತೂತುಗಳಲ್ಲಿ ದನಿ ಗಂಟೆ ಹೊಡೆದಂತೆ ಬರುತ್ತದೆ, ಅಂಚಿಗೆ ಹೋದಂತೆ ಸೊರಗುತ್ತದೆ. ಕಟ್ಟಕಡೆಯ ತೂತಿನಲ್ಲಿ ಗೋಡೆಯಾಚೆ ಯಾರೋ ಯಾರಿಗೋ ಹೇಳಿದಂತೆ, ಅಲ್ಲಿಂದ ಆಡಿದ್ದೂ ನಡುವಿಗೆ ಹಾಗೇ. ಆ ಕಡೆಯ ತೂತು ನಮ್ಮದು, ಗುಗ್ಗೆಕೇರಿಯದು. ಊರಿನವರ ಕಿವಿಯೊಳಗಿನ ಕೊಳೆ ಅವರ ಇಯರ್‌ಫೋನಿಗೆ ಮೆತ್ತುತ್ತದೆ, ಅದನ್ನು ಬೆಳಿಗ್ಗೆ ಬುಟ್ಟಿಯಲ್ಲಿ ತಂದು, ಕೆರೆದು, ಒರೆಸಿ, ಸಂಜೆಯೊಳಗೆ ಹೊಳೆಯುವಂತೆ ಮಾಡಿ ತಿರುಗಿ ಕೊಡುವವರು ನಾವು. ಕೊಳೆ ಅವರದು, ಹೊಲಸು ಅನ್ನಿಸಿಕೊಂಡವರು ನಾವು. ನಮ್ಮ ಪಿನ್ನು ಹೋದ ತೂತಿಗೆ ಅವರ ಪಿನ್ನು ಹೋಗುವುದಿಲ್ಲ. ನಮ್ಮ ಕಿವಿಗೆ ತಾಕಿದ್ದು ಅವರ ಕಿವಿಗೆ ಆಗುವುದಿಲ್ಲ. ಅಂಗಡಿಗೆ ಹೋದರೆ ಇಯರ್‌ಫೋನನ್ನು ಗಾಜಿನಾಚೆಯಿಂದಲೇ ನೋಡಿ, ಬಣ್ಣ ಕಂಡು ಕೊಳ್ಳಬೇಕು. ಕಿವಿಗಿಟ್ಟು ನೋಡುತ್ತೇವೆ ಅಂದರೆ ಅಂಗಡಿಯವನು ಗಾಜು ಒರೆಸತೊಡಗುತ್ತಾನೆ.

ಅವರಿಗೆ ತಿಳಿಯದ ಸಂಗತಿ ಒಂದಿದೆ. ಕೆರೆದು ಒರೆಸಿದ ಮೇಲೆ ಸದ್ದು ಸರಿಯಾಗಿ ಬರುತ್ತದೋ ಇಲ್ಲವೋ ನೋಡದೆ ತಿರುಗಿ ಕೊಡುವುದು ಹೇಗೆ? ಊರಿನ ಪ್ರತಿಯೊಂದು ಇಯರ್‌ಫೋನೂ ನಮ್ಮ ಕೇರಿಯ ಯಾರದೋ ಕಿವಿಯಲ್ಲಿ ಮಧ್ಯಾಹ್ನದ ಹೊತ್ತು ಸ್ವಲ್ಪ ಕಾಲ ಕೂತು ಹೋಗಿದೆ. ಗೊತ್ತಾದರೆ ಊರಿಗೂರೇ ಕಿವಿ ಕೊಯ್ದುಕೊಳ್ಳಬೇಕಾದೀತು.

ಈ ಪರೀಕ್ಷೆಗೆ ಬೇಕಾದ ದನಿ ಹೊಂಬಾಳವ್ವನದು. ಅವಳ ಬೈಗುಳವನ್ನು ತಡೆದುಕೊಂಡ ಇಯರ್‌ಫೋನು ಇನ್ನು ಯಾವುದಕ್ಕೂ ಒಡೆಯುವುದಿಲ್ಲ ಎಂದು ಕೇರಿಯ ನಂಬಿಕೆ. ಸಂಜೆಯಾಗುತ್ತಲೇ ಜನ ಬುಟ್ಟಿ ಹಿಡಿದು ನಮ್ಮ ಜಗಲಿಗೆ ಬರುತ್ತಿದ್ದರು. "ಅವ್ವಾ, ವಸಿ ಬೈಯವ್ವಾ" ಅಂತ ಸನ್ನೆ ಮಾಡಿ ಅವಳ ಗುಂಡಿಗೆ ಪಿನ್ನು ಸಿಕ್ಕಿಸಿ ಕೂರುತ್ತಿದ್ದರು. ಅವಳು ಅಡಕೆಲೆ ಒಂದು ಕೆನ್ನೆಗೆ ತಳ್ಳಿ ಶುರುಮಾಡಿದರೆ, "ನಿನ್ ಬಾಯಿಗ್ ಬೆಲ್ಲ ಬೀಳ, ನಿನ್ ಹಿತ್ಲಲ್ ಕುಂಬ್ಳಕಾಯಿ ಕಾಯ" ಎಂಬ ಹರಕೆಯಂಥ ಬೈಗುಳದಿಂದ ಹಿಡಿದು ಬರೆಯಲಾಗದ ಬೈಗುಳದವರೆಗೆ ಏರಿಳಿಯುತ್ತಿದ್ದಳು. ಸಕಾರ ಶಕಾರಗಳು ಸೀಳದೆ ಬಂದವೆ, ಬಕಾರ ಭಕಾರಗಳು ಗುಡುಗಿದವೆ, ಕೊನೆಯ ಉಸಿರು ಕೇಳಿಸಿತೆ, ಅಷ್ಟು ನೋಡಿಕೊಂಡು ಜನ ನಮಸ್ಕಾರ ಹೇಳಿ ಹೋಗುತ್ತಿದ್ದರು. ತಿರುಗಿ ಯಾರು ಏನು ಹೇಳಿದರೂ ಅವಳು ಕಿವಿಗೆ ಹಾಕಿಕೊಂಡವಳಲ್ಲ. ದೊಡ್ಡಸ್ತಿಕೆ ಅಂದುಕೊಂಡಿದ್ದೆವು.

ಅಚ್ಚಣ್ಣನ ಅಂಗಡಿಯ ಸುದ್ದಿ ಬಂದ ಮಾರನೆಯ ಬೆಳಿಗ್ಗೆ ನಮ್ಮ ಬಾಗಿಲಿಗೆ ಕೆಂಪು ವೈರು ಕಟ್ಟಿತ್ತು. ಅದರರ್ಥ ಪಂಚಾಯ್ತಿಯ ಕರೆ. ಬರುವ ಸೋಮವಾರ ಊರ ಹಿರಿಯರ ಮುಂದೆ ನಿಂತು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಕೇಳಿದ್ದಕ್ಕೆ ಉತ್ತರ ಬರದಿದ್ದರೆ, ಬಂದ ಉತ್ತರ ಹಿರಿಯರಿಗೆ ಒಪ್ಪದಿದ್ದರೆ, ಅಲ್ಲೇ ಕತ್ತರಿ ತರಿಸಿ ಪಿನ್ನು ಕತ್ತರಿಸುತ್ತಾರೆ. ಪಿನ್ನಿಲ್ಲದವರು ಆಮೇಲೆ ಯಾವ ಹಲಗೆಗೂ ಇಲ್ಲ, ಯಾರ ಗುಂಡಿಗೂ ಇಲ್ಲ. ಜನರ ನಡುವೆ ಮರದಂತೆ ನಿಂತಿರಬೇಕು.

ನಮ್ಮ ಓದುಕೂಟದವರಿಗೆ ಭಯಕ್ಕಿಂತ ಸಂಭ್ರಮವೇ ಹೆಚ್ಚಾಯಿತು ಅಂದರೆ ಸುಳ್ಳಲ್ಲ. ರಾಚಪ್ಪ, ದೇವೀರಿ, ನಾನು, ಇನ್ನೂ ಕೆಲವರು ಭಾನುವಾರ ಸೇರಿ ಓದುತ್ತಿದ್ದೆವು. ಒಬ್ಬರು ಓದುವುದು, ಉಳಿದವರು ಪಿನ್ನು ಸಿಕ್ಕಿಸಿ ಕೇಳುವುದು. ನಮ್ಮ ಕೂಟದ ಹಲಗೆಯನ್ನು ರಾಚಪ್ಪ ಹಳೆಯ ಗಾಡಿಚಕ್ರದಿಂದ ದುಂಡಗೆ ಮಾಡಿದ್ದ. ದುಂಡು ಹಲಗೆಗೆ ಕಡೆಯ ತೂತು ಇರುವುದಿಲ್ಲ. ಆದರೆ ಊರಿನ ಹಲಗೆಯನ್ನು ದುಂಡು ಮಾಡುವುದು ಹೇಗೆಂದು ನಾವು ಓದುತ್ತಲೇ ಇದ್ದೆವು, ಓದಿ ಓದಿ ಇನ್ನೊಂದು ಪುಸ್ತಕಕ್ಕೆ ಹೋಗುತ್ತಿದ್ದೆವು. ಅಷ್ಟರಲ್ಲಿ ಅಕ್ಷರ ಕಾಣದ ಹೊಂಬಾಳವ್ವ ಹೋಗಿ ಪಿನ್ನು ಚುಚ್ಚಿಯೇಬಿಟ್ಟಿದ್ದಳು. "ನಾವ್ ಓದಿದ್ದು, ಅವ್ಳು ಮಾಡಿದ್ದು" ಎಂದು ದೇವೀರಿ ಕಣ್ಣೊರೆಸಿಕೊಂಡಳು.

ಪಂಚಾಯ್ತಿಯಲ್ಲಿ ಏನು ಹೇಳಬೇಕೆಂದು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನೂ ಅವಳೂ ಒಂದೇ ಮನೆ. ಮಧ್ಯಾಹ್ನ ಅವಳು ಅವರೆಕಾಯಿ ಸುಲಿಯುತ್ತಿದ್ದಾಗ ಎದುರಿಗೆ ಕೂತು, ಪಿನ್ನು ಸಿಕ್ಕಿಸಿ, ಸೆರಗು ಬಾಯಿಗೆ ಹಿಡಿದು ಶುರುಮಾಡಿದೆ. ಮನುಷ್ಯರೆಲ್ಲ ಒಂದೇ ಹಲಗೆಯವರು ಅಂತ ಹೇಳು ದೊಡ್ಡವ್ವ, ಗುಗ್ಗೆಗೆ ಜಾತಿ ಇಲ್ಲ ಅಂತ ಹೇಳು ದೊಡ್ಡವ್ವ. ಅವಳು ಪ್ರತಿ ಮಾತಿಗೂ ಹೂಂ, ಹೂಂ ಎಂದು ತಲೆಯಾಡಿಸುತ್ತಿದ್ದಳು. ನನಗೆ ಉಮೇದು ಬಂದು ಕೈ ಬೀಸಿ ಬೀಸಿ ಹೇಳಿದೆ. ಹೇಳಿ ಮುಗಿಸಿ ಕೆಳಗೆ ನೋಡಿದರೆ ನನ್ನ ಪಿನ್ನು ಯಾವಾಗಲೋ ಅವಳ ಗುಂಡಿಯಿಂದ ಕಳಚಿ ಅವರೆಸಿಪ್ಪೆಯ ಮೇಲೆ ಬಿದ್ದಿತ್ತು. ಅವಳು ಮಾತ್ರ ಇನ್ನೂ ಹೂಂ ಅನ್ನುತ್ತಿದ್ದಳು.

ಪಿನ್ನನ್ನು ಎತ್ತಿ ಅವಳ ಕಣ್ಣೆದುರು ಹಿಡಿದೆ. ಅವಳ ತಲೆ ಆಡುವುದು ನಿಂತಿತು. ಕೈಯಲ್ಲಿದ್ದ ಕಾಯನ್ನು ಸುಲಿಯಲೋ ಬೇಡವೋ ಎಂಬಂತೆ ನೋಡಿದಳು.

ಎದ್ದು ಬಾಗಿಲು ಹಾಕಿ ಬಂದು ಅವಳ ಮುಂದೆ ಕೂತೆ. ಬಾಯಿಂದ ಸೆರಗು ತೆಗೆದೆ. ನಮ್ಮೂರಲ್ಲಿ ಬರಿಬಾಯಿಯಲ್ಲಿ ಮಾತಾಡುವುದು ತೊಟ್ಟಿಲ ಕೂಸಿನೊಡನೆ ಮಾತ್ರ. ನಿಧಾನವಾಗಿ, ತುಟಿ ತಿದ್ದಿ ತಿದ್ದಿ ಕೇಳಿದೆ, "ಕೇಳಾಕಿಲ್ವಾ?"

ಅವಳು ನನ್ನ ತುಟಿ ನೋಡಿದಳು. ನೋಡಿದ ರೀತಿಯಲ್ಲೇ ತಿಳಿಯಿತು, ಹೊಸ ಅಭ್ಯಾಸವಲ್ಲ. ಪಿನ್ನನ್ನು ತಾನೇ ತೆಗೆದು ತನ್ನ ಗುಂಡಿಗೆ ಸಿಕ್ಕಿಸಿಕೊಂಡು ಹೇಳಿದಳು, "ಎಲ್ಡು ದೀಪಾವಳಿ ಆಯ್ತು ಕಣಮ್ಮಿ. ಮೊದ್ಲು ಎಡಗಿವಿ ಓಯ್ತು, ಓದ್ರೆ ಓಗ್ಲಿ ಇನ್ನೊಂದೈತಲ್ಲ ಅಂದ್ಕಂಡೆ. ಅದೂ ಅದ್ರ ಹಿಂದೆನೇ ಓಯ್ತು. ಸೆರಗು ಟವಲು ಜಾರ್ದಾಗ ಬಾಯ್ ಕದ್ಕಂಡು ಬದುಕ್ತಾ ಇವ್ನಿ. ನೀನೀಗ ಯಾರ್ಗೂ ಏಳ್ಬ್ಯಾಡ."

"ಮತ್ತೆ ಆ ನಡುವಿನ ತೂತು?"

"ಎಲ್ರೂ ನಗ್ತಾ ಇದ್ರು ಕಣಮ್ಮಿ. ಅಚ್ಚಣ್ಣ ಏನೋ ಏಳ್ತಾ ಅವ್ನೆ, ಅವ್ರು ತೊಡೆ ತಟ್ಕಂಡು ನಗ್ತಾವ್ರೆ. ನಮ್ ತೂತ್ನಲ್ಲಿ ಒಂದ್ ಸೊಳ್ಳೆ ಸದ್ದೂ ಇಲ್ಲ. ಅದೇನಪ್ಪ ಅಂಥದ್ದು ಅಂತ ನಡುವೆ ಹಾಕಿ ನೋಡ್ದೆ. ಅಲ್ಲೂ ಕೇಳ್ಲಿಲ್ಲ."

ನಮ್ಮ ಕೂಟದ ಹೋರಾಟವೆಲ್ಲ ಅವರೆಸಿಪ್ಪೆಯ ಜೊತೆ ನೆಲದಲ್ಲಿ ಬಿದ್ದಿತ್ತು. ನಗು ಬಂತು, ಅಳುವೂ ಬಂತು. ಆದರೆ ಅದಕ್ಕಿಂತ ಮೊದಲು ಸೋಮವಾರ ನೆನಪಾಯಿತು. ಪಂಚಾಯ್ತಿಯ ಹಿರಿಯರು ಬಾಯಿಗೆ ಜರಿಯಂಚಿನ ಟವಲು ಕಟ್ಟಿಕೊಂಡೇ ಕೂರುತ್ತಾರೆ. ಅವರ ಬಾಯಿ ಕದಿಯಲಾಗುವುದಿಲ್ಲ. ಕೇಳಿದ ಪ್ರಶ್ನೆ ಕಿವಿಗೆ ಬೀಳದೆ ಇವಳು ಹೂಂ ಅಂದುಬಿಟ್ಟರೆ ಮುಗಿಯಿತು. ಜೀವಮಾನವಿಡೀ ಊರಿಗೆ ಕೇಳಿಸುವಂತೆ ಬೈದವಳ ಪಿನ್ನು ಕತ್ತರಿಸಿ ಕೈಗೆ ಕೊಡುತ್ತಾರೆ.

ಹೇಳಬೇಡ ಅಂದರೂ ರಾಚಪ್ಪನಿಗೂ ದೇವೀರಿಗೂ ಹೇಳಿದೆ. ಮೂವರೂ ಸೇರಿ ಒಂದು ತೀರ್ಮಾನಕ್ಕೆ ಬಂದೆವು. ಊರಿನ ಒಳ್ಳೊಳ್ಳೆಯ ಇಯರ್‌ಫೋನೆಲ್ಲ ನಮ್ಮ ಬುಟ್ಟಿಗೇ ಬರುತ್ತವೆ. ಒಂದೊಂದನ್ನೂ ದೊಡ್ಡವ್ವನ ಕಿವಿಗಿಟ್ಟು ನೋಡುವುದು. ಯಾವುದರಲ್ಲಿ ಅವಳಿಗೆ ಕೇಳಿಸುತ್ತದೋ ಅಂಥದ್ದನ್ನೇ, ಹೊಟ್ಟೆ ಬಟ್ಟೆ ಕಟ್ಟಿಯಾದರೂ ಸರಿ, ಕೊಂಡು ತರುವುದು.

ಶನಿವಾರ ಮಧ್ಯಾಹ್ನ ದುಂಡು ಹಲಗೆಯ ಸುತ್ತ ಕೂತೆವು. ರಾಚಪ್ಪ ಮೊದಲು ವಕೀಲರದನ್ನು ಎತ್ತಿದ. ಕಪ್ಪು ಲೋಹದ ಮೈ, ನೇಯ್ದ ದಾರದ ವೈರು, ಎಷ್ಟು ಸುತ್ತಿಟ್ಟರೂ ಸಿಕ್ಕಾಗುವುದಿಲ್ಲ. "ಇದ್ರ ಬೇಸ್ ನೋಡು, ಎದೆ ಒಳಗೆ ತಮಟೆ ಹೊಡ್ದಂಗೆ" ಅಂದ. ದೇವೀರಿ ಕಿವಿಗಿಟ್ಟುಕೊಂಡು ಮುಖ ಕಿವುಚಿದಳು. "ತಮಟೆನೂ ಇಲ್ಲ ಏನೂ ಇಲ್ಲ, ಎಲ್ರೂ ಬಾವಿ ಒಳಗ್ ಬಿದ್ದು ಮಾತಾಡ್ದಂಗೈತೆ." ಅವಳ ಆಯ್ಕೆ ಸಂಗೀತದ ಮೇಷ್ಟ್ರದು. ಒಳಗಿನ ತಂತಿಯೆಲ್ಲ ಕಾಣುವ ಗಾಜಿನಂಥ ಮೈ, ಕಿವಿಗೆ ಹೂವಿಟ್ಟಷ್ಟು ಹಗುರ, ಆದರೆ ಪಿನ್ನಿನ ಬುಡದಲ್ಲಿ ವೈರು ಆಗಲೇ ಸೀಳಿತ್ತು. ಒಂದು ಉಸಿರು, ಒಂದು ತುಟಿಸಪ್ಪಳ ಬಿಡದೆ ಕೇಳಿಸುತ್ತಿತ್ತು. "ಸೂಜಿ ಕಣಮ್ಮ ಇದು, ಸೂಜಿ. 'ಶಿವಾ' ಅಂದ್ರೆ ಕಿವಿ ಚುಚ್ಸಿದಂಗಾಯ್ತದೆ" ಎಂದು ರಾಚಪ್ಪ ಕಿತ್ತು ಬಿಸಾಡಿದ. ಮೂರನೆಯದು ಬ್ಯಾಂಕಿನ ಮ್ಯಾನೇಜರದು. ಕೈಯಲ್ಲಿ ಹಿಡಿದರೆ ಸೋಪಿನಂತೆ ನುಣುಪು, ಎಲ್ಲೂ ಒಂದು ಕೂಡುಗೆರೆ ಕಾಣದು, ರಬ್ಬರ್ ಟೋಪಿ ಕಿವಿಗೆ ಹೇಳಿ ಮಾಡಿಸಿದಂತೆ. ಬೇಸೂ ಹದ, ಮೇಲಿನ ಸ್ವರವೂ ಹದ. ಆದರೆ ಅದರಲ್ಲಿ ಯಾರು ಮಾತಾಡಿದರೂ ಮ್ಯಾನೇಜರೇ ಮಾತಾಡಿದಂತೆ ಕೇಳಿಸುತ್ತಿತ್ತು. ರಾಚಪ್ಪನ ಒರಟೂ ಇಲ್ಲ, ದೇವೀರಿಯ ಕೀರಲೂ ಇಲ್ಲ. "ಇದ್ರಲ್ ಜಗಳ ಆಡಾಕ್ ಆಗಾಕಿಲ್ಲ" ಎಂದು ಇಬ್ಬರೂ ಅವತ್ತು ಒಪ್ಪಿದ ಮಾತು ಅದೊಂದೇ.

ನಾಲ್ಕನೆಯದು ಯಾರದೂ ಅಲ್ಲ. ಗುಜರಿಯವನು ಹಳೆ ಸಾಮಾನಿನ ಜೊತೆ ಕೇರಿಗೆ ಎಸೆದು ಹೋಗಿದ್ದ ಹಿತ್ತಾಳೆಯದು. ಹುಣಿಸೆಬೀಜದಷ್ಟು ದಪ್ಪ, ಕಿವಿಗಿಟ್ಟರೆ ತೂಕಕ್ಕೆ ಜಾರುತ್ತದೆ, ವೈರು ಹಗ್ಗದಂತೆ ಸೆಟೆದಿದೆ. ಇನ್ನೂ ದೊಡ್ಡ ಐಬೆಂದರೆ ಮಾತಿಗೊಮ್ಮೆ ಅದರ ಮೈಯೇ ಜುಂಯ್ ಎಂದು ನಡುಗುತ್ತದೆ. "ಇದು ಇಯರ್‌ಫೋನಲ್ಲ, ಕಣಜದ ಹುಳ" ಎಂದು ದೇವೀರಿ ಪಕ್ಕಕ್ಕಿಟ್ಟಳು.

ದೊಡ್ಡವ್ವ ಎಲ್ಲವನ್ನೂ ಮಕ್ಕಳು ಕೊಟ್ಟ ಮಿಠಾಯಿಯಂತೆ ಇಸಿದುಕೊಂಡಳು. ವಕೀಲರದನ್ನಿಟ್ಟರೆ "ಚೆಂದಾಗೈತೆ ಕಣ್ರಪ್ಪ" ಅಂದಳು. ಮೇಷ್ಟ್ರದನ್ನಿಟ್ಟರೂ ಚೆಂದಾಗೈತೆ. ಮ್ಯಾನೇಜರದನ್ನಿಟ್ಟರೂ ಚೆಂದಾಗೈತೆ. ರಾಚಪ್ಪನಿಗೆ ತನ್ನದೇ ಗೆದ್ದಿತೆಂದು ಖುಷಿ, ದೇವೀರಿಗೆ ತನ್ನದೆಂದು ಖುಷಿ. ನಮಗೆ ಬೇಸರವಾಗದಿರಲೆಂದು ಅವಳು ಸುಳ್ಳು ಹೇಳುತ್ತಿದ್ದಾಳೆಂದು ನನಗೆ ಗೊತ್ತು. ಪರೀಕ್ಷೆ ಅಂದರೆ ನಮ್ಮಲ್ಲಿ ಬೈಗುಳವೇ. ನಾನು ಸೆರಗು ಬಾಯಿಗೆ ಹಿಡಿದು, ಕಣ್ಣು ಬೇರೆ ಕಡೆ ಇಟ್ಟು, ಈ ಕೇರಿಯಲ್ಲಿ ಯಾರೂ ಮಾಡದ ಕೆಲಸಕ್ಕೆ ಕೈಹಾಕಿದೆ. ಹೊಂಬಾಳವ್ವನನ್ನು ಬೈದೆ.

"ಲೇ ಮುದಿಗೂಬೆ" ಅಂದೆ. ಅವಳು ಮ್ಯಾನೇಜರ ಇಯರ್‌ಫೋನಿನಲ್ಲಿ ದೇವರ ಪಟದಂತೆ ನಗುತ್ತಾ ಕೂತಿದ್ದಳು. ರಾಚಪ್ಪ ಹೊಟ್ಟೆ ಹಿಡಿದುಕೊಂಡ. "ಕಿವುಡಿ, ಬಾಯ್ಗಳ್ಳಿ, ಸಾರಿಗ್ ಉಪ್ ಜಾಸ್ತಿ ಹಾಕೋಳೆ" ಅಂದೆ. "ಚೆಂದಾಗೈತೆ" ಅಂದಳು. ಅವಳಿಗೆ ಬೇಜಾರಾಗಿತ್ತೋ ಏನೋ, ಅದನ್ನು ತೆಗೆದಿಟ್ಟು ಹಿತ್ತಾಳೆಯದನ್ನು ಕೈಗೆತ್ತಿಕೊಂಡಳು. ಅದರ ರಬ್ಬರ್ ಟೋಪಿ ಒಣಗಿ ಕಚ್ಚಿಕೊಂಡಿತ್ತು. ಬಿಗಿಯಾದ ಟೋಪಿಯನ್ನು ನಮ್ಮ ಕೇರಿಯವರು ಹಲ್ಲಿನಿಂದಲೇ ಎಳೆಯುವುದು. ಬೇಡವೆಂದು ಎಷ್ಟು ಹೇಳಿದರೂ ಬಿಡದ ಚಾಳಿ. ಅವಳು ಅದರ ಪಿನ್ನನ್ನು ಹಲಗೆಗೆ ಸಿಕ್ಕಿಸಿ, ಹಿತ್ತಾಳೆಯನ್ನು ದವಡೆಗೆ ಕೊಟ್ಟು ಕಚ್ಚಿದಳು. ನಾನಿನ್ನೂ ಬೈಯುತ್ತಲೇ ಇದ್ದೆ, ತಿರುಗಿ ಅದೇ ಉಪ್ಪಿನ ಬೈಗುಳಕ್ಕೆ ಬಂದಿದ್ದೆ.

ಹೊಂಬಾಳವ್ವ ಕಚ್ಚಿದ್ದನ್ನು ಎಳೆಯಲಿಲ್ಲ. ಕಣ್ಣು ಅಗಲವಾದವು. ಎರಡೂ ಕೈ ಕೆನ್ನೆಗೆ ಹೋದವು. ಬಾಯಿಂದ ತೆಗೆದು, ಗುಡುಗಿದಳು.

"ಯಾವಳೇ ಅದು, ಸಾರಿಗ್ ಉಪ್ ಜಾಸ್ತಿ ಅಂದೋಳು?"

ಮೂವರೂ ಒಟ್ಟಿಗೆ ಅವಳ ಮೇಲೆ ಬಿದ್ದೆವು. ರಾಚಪ್ಪ ಅವಳ ಕಾಲು ಹಿಡಿದುಕೊಂಡ, ದೇವೀರಿ ಕುತ್ತಿಗೆ ತಬ್ಬಿ ಅತ್ತಳು. ಅವಳು ನಮ್ಮನ್ನು ದೂಡಿ ಮತ್ತೆ ಕಚ್ಚಿದಳು. ಮಾತಾಡಿ ಎಂದು ಸನ್ನೆ ಮಾಡಿದಳು. ಕಿವಿಯ ಹಿಂದಿನ ಮೂಳೆಗೆ ಒತ್ತಿ ನೋಡಿದೆವು, ಬರೀ ಜುಂಯ್. ಗದ್ದಕ್ಕೆ ಒತ್ತಿದರೆ ಅದೂ ಇಲ್ಲ. ಹಲ್ಲಿಗೆ ಸಿಕ್ಕಿಸಿದರೆ ಮಾತ್ರ ಪ್ರತಿ ಮಾತೂ ತಲೆಯೊಳಗೆ ಬಂದು ಬೀಳುತ್ತಿತ್ತಂತೆ. ವಕೀಲರದು, ಮೇಷ್ಟ್ರದು, ಮ್ಯಾನೇಜರದು, ಎಲ್ಲವನ್ನೂ ಒಂದೊಂದಾಗಿ ಕಚ್ಚಿಸಿ ನೋಡಿದೆವು. ಅವು ಮೈ ನಡುಗದಂತೆ ಮಾಡಿದವುಗಳು, ಹಲ್ಲಿಗೆ ಏನನ್ನೂ ಕೊಡಲಿಲ್ಲ. ಆಮೇಲೆ ಆ ಮೂರನ್ನೂ ಸೋಪುನೀರಿನಲ್ಲಿ ಎಷ್ಟು ತಿಕ್ಕಿದೆವೆಂದರೆ ಮ್ಯಾನೇಜರ ಹೆಂಡತಿ ಹೊಸದು ತಂದಿರಾ ಎಂದು ಕೇಳಿದರಂತೆ.

ಹಿತ್ತಾಳೆಯ ವೈರನ್ನು ಅವಳ ಕೊರಳಗುಂಡಿಗೇ ಕಟ್ಟಿದೆವು. ಒಂದೇ ತೊಡಕು. ಹಿತ್ತಾಳೆ ಬಾಯಲ್ಲಿದ್ದಾಗ ಅವಳು ಮಾತಾಡುವಂತಿಲ್ಲ, ಮಾತಾಡಬೇಕಾದರೆ ಕೇಳುವಂತಿಲ್ಲ. ಕೇಳು, ತೆಗೆ, ಹೇಳು, ಕಚ್ಚು. ಬೇರೆ ಯಾರಿಗಾದರೂ ಸುಲಭವಿತ್ತು. ಹೊಂಬಾಳವ್ವನಿಗೆ ಇನ್ನೊಬ್ಬರ ಮಾತು ಮುಗಿಯುವವರೆಗೆ ಸುಮ್ಮನಿರುವುದು ಹುಟ್ಟಾ ಅಭ್ಯಾಸವಿಲ್ಲ. ಭಾನುವಾರವಿಡೀ ಅವಳು ನಮ್ಮ ಮಾತಿನ ನಡುವೆ ಹಿತ್ತಾಳೆ ಉಗಿದು ಬೈಯುವುದು, ನಾವು ಅದನ್ನು ತೊಳೆದು ಮತ್ತೆ ಬಾಯಿಗಿಡುವುದು ನಡೆಯಿತು.

ಸಂಜೆ ನಿಜವಾದ ಜಗಳ ಹತ್ತಿತು. ಏನು ಹೇಳಬೇಕೆಂಬುದರ ಮೇಲೆ.

"ಹಕ್ಕು ಅನ್ನು ಅವ್ವಾ, ಹಕ್ಕು ಅಂತ ಬೇಕಂತ್ಲೇ ಹಾಕ್ದೆ ಅನ್ನು" ಎಂದು ರಾಚಪ್ಪ ಗೋಗರೆದ.

ಅವಳು ಪೂರ್ತಿ ಕೇಳಿ, ಹಿತ್ತಾಳೆ ತೆಗೆದು, "ನಾನ್ ಕೇಳಾಕಿಲ್ಲ ಅಂತ ಹಾಕಿದ್ದು ಕಣ್ಲಾ" ಅಂದಳು.

"ಅಂಗಂದ್ರೆ ಕಿವುಡಿ, ಪಾಪ, ಗೊತ್ತಿಲ್ದೆ ಮಾಡವ್ಳೆ, ಕ್ಷಮಿಸ್ಬುಡಿ ಅಂತಾರೆ. ಕಡೇ ತೂತು ಅಲ್ಲೇ ಉಳೀತದೆ!"

"ನಂಗ್ ಸುಳ್ ಏಳಾಕ್ ಬರಾಕಿಲ್ಲ."

"ನಿನ್ನೆ ಮೂರಕ್ಕೂ ಚೆಂದಾಗೈತೆ ಅಂದ್ಯಲ್ಲ, ಅದೇನು?" ನಾನು ಕೇಳಿದೆ.

"ಅದು ನಿಮ್ ಮೊಖ ನೋಡಿ. ಅವರ ಮೊಖ ನೋಡಿ ಯಾಕ್ ಏಳ್ಲಿ?"

ನನಗೂ ಸಿಟ್ಟು ಬಂತು. ಪಿನ್ನು ಕಿತ್ತುಕೊಂಡು ಒಳಗೆ ಹೋದೆ. ತನ್ನ ಪಿನ್ನು ಹೋದರೂ ಚಿಂತೆಯಿಲ್ಲವೆಂದು ನಿಜ ಹೇಳಿಬಿಡುತ್ತಾಳೆ ಈ ಮುದುಕಿ ಎಂಬ ಸಿಟ್ಟು. ಪಿನ್ನು ಉಳಿದರೂ ಕರುಣೆಯಿಂದ ಉಳಿಯುತ್ತದೆ ಎಂಬ ಸಿಟ್ಟು ಅದಕ್ಕಿಂತ ದೊಡ್ಡದು. ಕರುಣೆ ತಿಂದು ತಿಂದೇ ನಮ್ಮ ಕೇರಿ ಇಷ್ಟು ಸಣಕಲಾದದ್ದು.

ಸೋಮವಾರ ಪಂಚಾಯ್ತಿ ಮನೆಯಲ್ಲಿ ಹಿರಿಯರು ಉದ್ದದ ಹಲಗೆಯ ಹಿಂದೆ ಸಾಲಾಗಿ ಕೂತಿದ್ದರು. ನಡುವೆ ಅಧ್ಯಕ್ಷ ವರದಯ್ಯನವರು, ಅವರ ಮುಂದಿನ ನಡುವಿನ ತೂತುಗಳಲ್ಲಿ ಎರಡು ಖಾಲಿ, ಗಣ್ಯರು ಬಂದರೆ ಬೇಕೆಂದು. ಗುಗ್ಗೆಕೇರಿಗೆ ಹಲಗೆಯ ಕಟ್ಟಕಡೆ, ಬಾಗಿಲ ಹತ್ತಿರ. ದೊಡ್ಡವ್ವ ತನ್ನ ಪಿನ್ನನ್ನು ಅಲ್ಲಿಗೇ ಚುಚ್ಚಿದಳು. ನಾನು ಅವಳ ಗುಂಡಿಗೆ ನನ್ನ ಪಿನ್ನು ಸಿಕ್ಕಿಸಿ ಹಿಂದೆ ನಿಂತೆ, ರಾಚಪ್ಪ, ದೇವೀರಿ ಬಾಗಿಲಲ್ಲಿ ನಿಂತರು. ಅಚ್ಚಣ್ಣ ಒಂದು ಮೂಲೆಯಲ್ಲಿ, ಚಹಾ ಮಾರಲು ಬಂದವನಂತೆಯೂ ಸಾಕ್ಷಿ ಹೇಳಲು ಬಂದವನಂತೆಯೂ ನಿಂತಿದ್ದ. ಮೇಜಿನ ಮೇಲೆ ಕತ್ತರಿ ಇತ್ತು.

ದೊಡ್ಡವ್ವ ಸೊಂಟದ ಚೀಲದಿಂದ ಹಿತ್ತಾಳೆಯನ್ನು ತೆಗೆದು ದವಡೆಗೆ ಸಿಕ್ಕಿಸಿಕೊಂಡಳು. ಹಿರಿಯರು ಒಬ್ಬರನ್ನೊಬ್ಬರು ನೋಡಿದರು.

ವರದಯ್ಯನವರು ಟವಲಿನ ಹಿಂದಿನಿಂದ ಶುರುಮಾಡಿದರು. ನನ್ನ ಕಿವಿಗೆ ಅದು ಬೂದಿಯೊಳಗಿನಿಂದ ಬಂದಂತೆ ಬಂತು. "ನೋಡಮ್ಮ, ನಮ್ಮೂರಲ್ಲಿ ಒಂದು ಪದ್ಧತಿ ಅಂತ ಇದೆ. ಹಿರಿಯರು ಯೋಚನೆ ಮಾಡಿಯೇ ಮಾಡಿರ್ತಾರೆ. ಯಾರಿಗೂ ಅನ್ಯಾಯ ಆಗಬಾರದು ಅಂತಾನೇ ಎಲ್ಲರಿಗೂ ಒಂದೊಂದು ತೂತು." ಇಷ್ಟಕ್ಕೆ ಯಾರಾದರೂ ತಪ್ಪಾಯ್ತು ಸ್ವಾಮಿ ಅಂತ ನಡುವೆ ಬಾಯಿಹಾಕಿ ಕಾಲಿಗೆ ಬೀಳುವುದು ರೂಢಿ. ದೊಡ್ಡವ್ವ ಕಚ್ಚಿಕೊಂಡು ನೋಡುತ್ತಾ ನಿಂತಿದ್ದಳು. ಅವರು ಅವಳ ಮೌನ ನೋಡಿ ಇನ್ನಷ್ಟು ಹೇಳಿದರು. "ಕೊನೆಯ ತೂತು ಅಂದ್ರೆ ಕೀಳು ಅಂತಲ್ಲ." ಅವಳು ಕೇಳುತ್ತಿದ್ದಳು. "ಅಲ್ಲೂ ಎಲ್ಲಾ ಚೆನ್ನಾಗೇ ಕೇಳಿಸುತ್ತೆ." ಅವಳು ಕೇಳುತ್ತಿದ್ದಳು. ವರದಯ್ಯನವರ ಮಾತನ್ನು ಅಷ್ಟು ಪೂರ್ತಿಯಾಗಿ ಯಾರೂ ಕೇಳಿರಲಿಕ್ಕಿಲ್ಲ, ಅವರ ಹಣೆ ಬೆವರಿತು. "ಮತ್ಯಾಕೆ ನಡುವಿನ ತೂತಿಗೆ ಹಾಕಿದೆ? ಹೇಳು" ಎಂದು ತಟ್ಟನೆ ನಿಲ್ಲಿಸಿದರು.

ಅವಳು ಹಿತ್ತಾಳೆ ತೆಗೆದಳು. ಸೆರಗಿಗೆ ಒರೆಸಿದಳು. ಬಾಯಿ ಮುಚ್ಚಿಕೊಂಡು ಹೇಳಿದಳು.

ಅವಳ ಗುಂಡಿಗೇ ಪಿನ್ನು ಹಾಕಿದ್ದ ನನಗೂ ಅದು ಅರೆಬರೆ ಕೇಳಿಸಿತು. ಕೂಸಿಗೆ ಜೋಗುಳ ಹೇಳುವಷ್ಟು ಮೆಲ್ಲಗೆ. ಮುದುಕಿ ಹೆದರಿದಳು ಅಂದುಕೊಂಡೆ. ಕೇರಿಯ ಇಯರ್‌ಫೋನುಗಳನ್ನೆಲ್ಲ ನಡುಗಿಸಿದ ದನಿ ಕತ್ತರಿ ನೋಡಿ ಕುಗ್ಗಿತು ಅಂದುಕೊಂಡೆ.

ಹಲಗೆಯ ಹಿಂದೆ ಗಲಿಬಿಲಿಯಾಯಿತು. ಹಿರಿಯರು ಕಿವಿಯೊಳಗೆ ಒತ್ತಿಕೊಂಡರು, ತಿರುಗಿಸಿಕೊಂಡರು, ತೆಗೆದು ಜಾಲರಿ ನೋಡಿದರು. ಒಬ್ಬರು ಎದ್ದು ನಮ್ಮ ಕಡೆ ಕೈ ತೋರಿಸಿ, "ಏನ್ರೀ, ಇದನ್ನ ಸರಿಯಾಗಿ ಕೆರೆದಿಲ್ವಾ ನೀವು?" ಎಂದರು. ಮೊನ್ನೆ ತಾನೇ ದೇವೀರಿ ಕೆರೆದು ಕಳಿಸಿದ್ದು ಅದು.

"ಜೋರಾಗಿ ಹೇಳಮ್ಮ" ಅಂದರು ವರದಯ್ಯನವರು.

ಅವಳು ಕಚ್ಚಿ ಕೇಳಿದಳು, ಆಗಲಿ ಎಂದು ತಲೆದೂಗಿದಳು, ತೆಗೆದು, ಒರೆಸಿ, ಮೊದಲಿಗಿಂತ ಮೆಲ್ಲಗೆ ಹೇಳಿದಳು. ಆಗ ನಾನು ಅವಳ ಮುಖ ನೋಡಿದೆ. ಹೆದರಿದವರ ಮುಖ ನಾನು ಕೇರಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಅದು ಅದಲ್ಲ. ಕುದಿಯುವ ಹಾಲಿನ ಮುಂದೆ ಕೂತು ಉಕ್ಕಲೆಂದು ಕಾಯುವವರ ಮುಖ.

ಹಿರಿಯರು ಮುಂದಕ್ಕೆ ಬಾಗಿದರು. ಕೇಳಲೇಬೇಕಲ್ಲ, ಉತ್ತರ ಕೊಡುತ್ತಿರುವವರ ಮಾತು ಕೇಳಿಸಿಕೊಳ್ಳದೆ ಕತ್ತರಿ ಎತ್ತುವಂತಿಲ್ಲ, ಅದು ಅವರೇ ಮಾಡಿಕೊಂಡ ಕಟ್ಟಳೆ. ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಅವಳ ತುಟಿ ಸೆರಗಿನ ಹಿಂದೆ ಆಡಿತು. ಕೊನೆಗೆ ವರದಯ್ಯನವರು ತಾಳ್ಮೆಗೆಟ್ಟು ಮೇಜಿಗೆ ಕೈ ಬಡಿದರು.

"ಅಯ್ಯೋ, ಅಲ್ಲಿಂದ ಒಂದಕ್ಷರ ಬರ್ತಿಲ್ಲ! ಆ ಪಿನ್ನು ಕಿತ್ತು ತಂದು ಇಲ್ಲಿ ಹಾಕಮ್ಮ, ನಡುವೆ, ನನ್ನ ಪಕ್ಕದ್ದರಲ್ಲಿ!"

ಹೇಳಿದ ಮೇಲೆ ಅವರಿಗೂ ತಿಳಿಯಿತು ಅಂತ ಕಾಣುತ್ತದೆ. ಟವಲಿನ ಮೇಲೆ ಅವರ ಕಣ್ಣು ನಿಂತಲ್ಲೇ ನಿಂತವು. ಆದರೆ ಹಲಗೆಗೆ ಪಿನ್ನು ಚುಚ್ಚಿದವರೆಲ್ಲ ಅದನ್ನು ಕೇಳಿಯಾಗಿತ್ತು. ಹೊಂಬಾಳವ್ವನೂ ಹಲ್ಲಿನಿಂದ ಕೇಳಿದ್ದಳು. ಅವಳು ಕಡೆಯ ತೂತಿನಿಂದ ಪಿನ್ನು ಕಿತ್ತು, ಹಲಗೆಯುದ್ದಕ್ಕೂ ನಡೆದು ಹೋಗಿ, ಅಧ್ಯಕ್ಷರ ಪಕ್ಕದ ತೂತಿಗೆ ಚುಚ್ಚಿದಳು. ಹಿತ್ತಾಳೆ ತೆಗೆದಳು. ಈ ಸಲ ಪೂರಾ ಎದೆ ತುಂಬ ಉಸಿರೆಳೆದಳು.

"ನಾನೂ ಅದಕ್ಕೇ ಹಾಕಿದ್ದು ಸ್ವಾಮಿ! ಅಲ್ಲಿ ಕೇಳಾಕಿಲ್ಲ!"

ಹಿರಿಯರೆಲ್ಲ ಒಂದೇ ಬಾರಿಗೆ ಇಯರ್‌ಫೋನು ಕಿತ್ತು ಕಿವಿ ಹಿಡಿದುಕೊಂಡರು. ಒಬ್ಬರ ಟವಲು ಬಿದ್ದೇಹೋಯಿತು, ಬಾಯಿ ತೆರೆದೇ ಇತ್ತು, ಅದರಲ್ಲಿ ಕದಿಯುವಂಥ ಮಾತೇನೂ ಇರಲಿಲ್ಲ. ದೊಡ್ಡವ್ವ ಹಿತ್ತಾಳೆಯನ್ನು ಮತ್ತೆ ಕಚ್ಚಿಕೊಂಡು, ಮುಂದಿನ ಪ್ರಶ್ನೆಗೆ ಕಾದು ನಿಂತಳು. ಕಾಯುತ್ತಲೇ ನಿಂತಳು. ಕತ್ತರಿಯನ್ನು ಯಾರೋ ಮೆಲ್ಲಗೆ ಕಾಗದದ ಕೆಳಗೆ ಸರಿಸಿದರು. ವರದಯ್ಯನವರು, ಹೋಗಿ ಬಾರಮ್ಮ ಎಂಬಂತೆ ಕೈ ಮಾತ್ರ ಆಡಿಸಿದರು.

ಊರು ಒಂದೇ ದಿನಕ್ಕೆ ಬದಲಾಗಲಿಲ್ಲ. ಅಚ್ಚಣ್ಣನ ಅಂಗಡಿಯಲ್ಲಿ ನಾವು ನಡುವೆ ಪಿನ್ನು ಚುಚ್ಚಿದರೆ ಇವತ್ತಿಗೂ ಕೆಲವರು ಲೋಟ ಕೆಳಗಿಟ್ಟು ಎದ್ದು ಹೋಗುತ್ತಾರೆ. ಹೋಗಲಿ. ಅಧ್ಯಕ್ಷರೇ ಹಾಕೆಂದ ತೂತಿನಿಂದ ತೆಗೆ ಎನ್ನುವ ಬಾಯಿ ಮಾತ್ರ ಇನ್ನೂ ಹುಟ್ಟಿಲ್ಲ.

ಅವತ್ತು ಮನೆಗೆ ಹೊರಟಾಗ ರಾಚಪ್ಪ, ದೇವೀರಿ ಸುದ್ದಿ ಹೊತ್ತುಕೊಂಡು ಮುಂದೆ ಓಡಿದರು. ನಾನೂ ದೊಡ್ಡವ್ವನೂ ಕೆರೆ ಏರಿಯ ಮೇಲೆ ಒಂದೇ ವೈರಿನಲ್ಲಿ ನಡೆದೆವು. ಅವಳು ಹಿತ್ತಾಳೆ ಕಚ್ಚಿಕೊಂಡು, ಹೇಳು ಎಂದು ಗಲ್ಲ ಎತ್ತಿದಳು. ಏನು ಹೇಳುವುದು? ಹೋದ ವರ್ಷ ಗಂಡನ ಮನೆ ಬಿಟ್ಟು ಟ್ರಂಕು ಹೊತ್ತು ಬಂದು ಅವಳ ಒಲೆಯ ಮುಂದೆ ಕೂತು ಹೇಳಿಕೊಂಡಿದ್ದೆನಲ್ಲ, ಅವಳು ಹೂಂ ಹೂಂ ಎನ್ನುತ್ತಾ ರೊಟ್ಟಿ ತಟ್ಟಿ ಹಾಕಿದ್ದಳಲ್ಲ, ಅದೊಂದೂ ಅವಳಿಗೆ ಕೇಳಿಸಿರಲಿಲ್ಲ ಎಂದು ಆಗ ಹೊಳೆಯಿತು. ಅದನ್ನೇ ಮೊದಲಿನಿಂದ ಹೇಳಿದೆ. ಅವನು ನನ್ನ ಪಿನ್ನನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದುದು, ಕೇಳುವುದಷ್ಟೇ ನಿನ್ನ ಕೆಲಸ ಅನ್ನುತ್ತಿದ್ದುದು, ಬೀಗ ಮುರಿದು ಬಂದದ್ದು, ಎಲ್ಲ. ಏರಿ ಮುಗಿಯುವವರೆಗೂ ಅವಳು ಒಂದು ಸಲವೂ ನಡುವೆ ಬಾಯಿಹಾಕಲಿಲ್ಲ. ನಾನು ಮೂಗೊರೆಸಿಕೊಂಡು ಸುಮ್ಮನಾದ ಮೇಲೆ ನಿಂತು, ಹಿತ್ತಾಳೆ ತೆಗೆದು, ನನ್ನನ್ನೇ ನೋಡಿದಳು.

"ಇಷ್ಟೇನಾ? ಇದ ಅವತ್ತೇ ನಿನ್ ಮೊಖ ನೋಡಿ ತಿಳ್ಕಂಡಿದ್ನಲ್ಲ. ಅದೇನೋ ಹೊಸ್ದು ಏಳ್ತಾ ಇದ್ದೀಯೆ, ನಂಗ್ ಕೇಳ್ನಿಲ್ವಲ್ಲ ಅಂತ ಒಂದ್ ವರ್ಸದಿಂದ ಕೊರಗ್ತಾ ಇದ್ದೆ."

ಅಂದು, ಹಿತ್ತಾಳೆಯನ್ನು ಮತ್ತೆ ಹಲ್ಲಿಗೆ ಸಿಕ್ಕಿಸಿಕೊಂಡು, ಮುಂದೆ ಹೇಳು ಎಂಬಂತೆ ವೈರನ್ನು ಜಗ್ಗಿದಳು.